ಟ್ರಂಕಿನ ನುಸಿ ಗುಳಿಗೆ, ಬಚ್ಚಲಿನ ಆಸಿಡ್: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮನೆಯಲ್ಲಿ ಬಳಸುವ ಕೆಮಿಕಲ್‌ಗಳ ಬಗ್ಗೆಯೇ ಇದ್ದವು. ಐದನ್ನು ಆರಿಸಿದ್ದೇನೆ. ಮೊದಲನೆಯದಕ್ಕೆ ಜಾಗ ಸ್ವಲ್ಪ ಜಾಸ್ತಿ ಹೋಗಿದೆ. ಅದು ಎಳೆ ಕೂಸಿನ ವಿಷಯ.

ಮೇಡಂ, ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಮಗುವಿಗೆ 12 ದಿನ. ಟ್ರಂಕಿನಲ್ಲಿ ನಮ್ಮತ್ತೆಯ ಹಳೇ ಮೆತ್ತನೆ ಸೀರೆಗಳಿವೆ, ಹರಿದು ಕೂಸಿಗೆ ಹೊದಿಸೋಣ ಅಂತ ತೆಗೆದೆ. ಮಧ್ಯೆ ನುಸಿ ಗುಳಿಗೆ ಹಾಕಿಟ್ಟಿದ್ದೆವು. ಮಗಳು ಆ ವಾಸನೆ ಬೇಡ ಅಂತಾಳೆ. ನಾವೆಲ್ಲ ಹಾಗೇ ಬೆಳೆದವರಲ್ವಾ? (ಓದುಗಿ, ಮಂಡ್ಯ)

ಈ ಒಂದು ವಿಷಯದಲ್ಲಿ ಮಗಳ ಮಾತು ಕೇಳಿ. ಆ ಸೀರೆಗಳನ್ನು ಇವತ್ತೇ ಬಾಣಂತಿ ಕೋಣೆಯಿಂದ ಹೊರಗೆ ಇಡಿ.

ನುಸಿ ಗುಳಿಗೆ ಅಂದ್ರೆ ಸಾಮಾನ್ಯವಾಗಿ ನಾಫ್ತಲೀನ್. ಅದು ಕರಗಿ ನೀರಾಗುವುದಿಲ್ಲ, ನೇರವಾಗಿ ಆವಿಯಾಗುತ್ತದೆ. ಅದಕ್ಕೇ ಗುಂಡು ದಿನೇ ದಿನೇ ಸಣ್ಣದಾಗುತ್ತದೆ, ಆವಿ ಬಟ್ಟೆಯ ಎಳೆ ಎಳೆಯಲ್ಲೂ ಕೂತುಬಿಡುತ್ತದೆ. ದೊಡ್ಡವರಿಗೆ ಅಷ್ಟರಿಂದ ಏನೂ ಆಗದೆ ಇರಬಹುದು. ಆದರೆ ಕೆಲವು ಮಕ್ಕಳು ಹುಟ್ಟುವಾಗಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇಟ್ಟುಕೊಂಡು ಬಂದಿರುತ್ತಾರೆ. ಕೆಂಪು ರಕ್ತಕಣ ಕಾಯುವ ಕಿಣ್ವ ಅದು. ಗಂಡುಮಕ್ಕಳಲ್ಲಿ ಈ ಕೊರತೆ ಜಾಸ್ತಿ. ಇಂಥ ಕೂಸಿಗೆ ನಾಫ್ತಲೀನ್ ತಾಗಿದರೆ ರಕ್ತಕಣಗಳು ಒಡೆಯುತ್ತವೆ, ಕಾಮಾಲೆ ಏರುತ್ತದೆ, ತುಂಬಾ ಏರಿದರೆ ಮಿದುಳಿಗೇ ಪೆಟ್ಟು. ಕೊರತೆ ಇದೆಯೋ ಇಲ್ಲವೋ ಮುಖ ನೋಡಿ ಹೇಳಲು ಯಾರಿಗೂ ಆಗುವುದಿಲ್ಲ.

ಇನ್ನೊಂದು ಮಾತು, ಇದು ನಮ್ಮ ಕಡೆಯ ಅಜ್ಜಿಯರಿಗೆ ಮುಖ್ಯ. ನಾಫ್ತಲೀನ್ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ. ಕೂಸಿಗೆ ಎಣ್ಣೆ ತಿಕ್ಕಿ ಆ ಸೀರೆ ತುಂಡಿನಲ್ಲಿ ಸುತ್ತಿದರೆ ಚರ್ಮದ ಮೂಲಕ ಇನ್ನೂ ಸಲೀಸಾಗಿ ಒಳಗೆ ಹೋಗುತ್ತದೆ. ನೀವು ಪ್ರೀತಿಯಿಂದ ಮಾಡುವ ಎರಡು ಕೆಲಸ ಸೇರಿ ಹೀಗಾಗುತ್ತದೆ ಅನ್ನುವುದೇ ಸಂಕಟ.

'ನಾವೆಲ್ಲ ಹಾಗೇ ಬೆಳೆದವರು' ನಿಜ. ಆದರೆ ಆಗ ಕಾಮಾಲೆ ಬಂದು ಹೋದ ಕೂಸುಗಳಿಗೆ ಕಾರಣ ಏನು ಅಂತ ಯಾರು ಹುಡುಕಿದ್ದರು? ಯುರೋಪಿನಲ್ಲಿ 2008ರಿಂದ ನಾಫ್ತಲೀನ್ ಗುಳಿಗೆ ಮಾರುವುದನ್ನೇ ನಿಲ್ಲಿಸಿದ್ದಾರೆ.

ಈಗಾಗಲೇ ಹೊದಿಸಿದ್ದರೆ ಗಾಬರಿ ಬೇಡ, ಬಟ್ಟೆ ಬದಲಿಸಿ ಕೂಸಿನ ಕಣ್ಣು ನೋಡಿ. ಹಳದಿಯಾಗಿದ್ದರೆ, ಮೂತ್ರ ಟೀ ಬಣ್ಣದಲ್ಲಿದ್ದರೆ, ಮೈ ಬಿಳುಚಿಕೊಂಡರೆ, ಹಾಲು ಕುಡಿಯದೆ ಮಂಕಾಗಿ ಮಲಗಿದ್ದರೆ ತಡಮಾಡದೆ ಮಕ್ಕಳ ಡಾಕ್ಟರ ಹತ್ತಿರ ಹೋಗಿ. ನುಸಿ ಗುಳಿಗೆ ಬಟ್ಟೆ ಹೊದಿಸಿದ್ದೆವು ಅಂತ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಅವರಿಗೆ ಗೊತ್ತಾಗುವುದಾದರೂ ಹೇಗೆ?

ರೇಷ್ಮೆ ಸೀರೆ ಉಳಿಸಿಕೊಳ್ಳುವುದಕ್ಕೆ ಗುಳಿಗೆಯೇ ಬೇಕು ಅಂತಿಲ್ಲ. ಒಗೆದ ಹಳೇ ಪಂಚೆಯಲ್ಲಿ ಸುತ್ತಿಡಿ, ಎರಡು ಮೂರು ತಿಂಗಳಿಗೊಮ್ಮೆ ತೆಗೆದು ನೆರಳಿನಲ್ಲಿ ಗಾಳಿಗೆ ಹರವಿ, ಮಡಿಕೆ ಬದಲಿಸಿ. ನೆರಳಲ್ಲಿ ಒಣಗಿಸಿದ ಬೇವಿನ ಸೊಪ್ಪನ್ನು ಬಟ್ಟೆ ಚೀಲದಲ್ಲಿ ಕಟ್ಟಿ ಇಡಬಹುದು. ಗುಳಿಗೆ ಬದಲು ಕರ್ಪೂರ ಹಾಕುತ್ತೇವೆ ಅನ್ನುವವರೂ ಇದ್ದಾರೆ. ಮಕ್ಕಳಿರುವ ಮನೆಯಲ್ಲಿ ಅದೂ ಬೇಡ. ಕರ್ಪೂರ ನುಂಗಿದ ಮಕ್ಕಳಿಗೆ ಫಿಟ್ಸ್ ಬರುತ್ತದೆ. ದೇವರ ಮನೆಯ ಡಬ್ಬಿಯನ್ನೂ ಮೇಲಿಡಿ.

ದಸರೆಗೆ ನೆಂಟರು ಬರ್ತಾರೆ ಅಂತ ಟಾಯ್ಲೆಟ್‌ಗೆ ಆಸಿಡ್ ಹಾಕಿ, ಕಲೆ ಪೂರ್ತಿ ಹೋಗಲಿ ಅಂತ ಮೇಲೆ ಬ್ಲೀಚಿಂಗ್ ಪೌಡರ್ ಉದುರಿಸಿದೆವು. ಉಜ್ಜೋಕೆ ಕೂತ ಕೆಲಸದಾಕೆ ಕೆಮ್ಮುತ್ತಾ ಹೊರಗೆ ಓಡಿ ಬಂದರು. ಆಮೇಲೆ ಸರಿಹೋದರು. ಯಾಕೆ ಹಾಗಾಯ್ತು? (ಕುವೆಂಪುನಗರ, ಮೈಸೂರು)

ನೀವು ಗೊತ್ತಿಲ್ಲದೆ ಕ್ಲೋರಿನ್ ಅನಿಲ ತಯಾರಿಸಿದಿರಿ. 1915ರಲ್ಲಿ ಬೆಲ್ಜಿಯಂನ ಈಪರ್ ಎಂಬಲ್ಲಿ ಸೈನಿಕರ ಮೇಲೆ ಯುದ್ಧದ ಅಸ್ತ್ರವಾಗಿ ಬಿಟ್ಟ ಅನಿಲ ಅದೇ. ಟಾಯ್ಲೆಟ್ ತೊಳೆಯುವ ಆಸಿಡ್‌ನಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತದೆ, ಬ್ಲೀಚಿಂಗ್ ಪೌಡರ್‌ನಲ್ಲಿ ಹೈಪೋಕ್ಲೋರೈಟ್. ಬೇರೆ ಬೇರೆ ಇದ್ದಾಗ ಎರಡೂ ಅದರದರ ಕೆಲಸ ಮಾಡುತ್ತವೆ. ಕೂಡಿದರೆ ಅನಿಲ. ಅದು ಗಾಳಿಗಿಂತ ಭಾರ, ನೆಲದ ಹತ್ತಿರವೇ ನಿಲ್ಲುತ್ತದೆ. ಬಾಗಿಲಲ್ಲಿ ನಿಂತ ನಿಮಗೆ ಸುಮ್ನೆ ಮೂಗು ಚುರ್ ಅಂದಿರಬಹುದು, ಕುಕ್ಕರುಗಾಲಲ್ಲಿ ಕೂತು ಉಜ್ಜುತ್ತಿದ್ದವರಿಗೆ ಪೂರ್ತಿ ಪಾಲು. ಅವರಿಗೆ ಈಗಲೂ ಉಬ್ಬಸ, ಎದೆ ಬಿಗಿತ ಇದೆಯಾ ಅಂತ ಕೇಳಿ, ಇದ್ದರೆ ನೀವೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇದು ನಿಮ್ಮ ಮನೆಯ ಕೆಲಸದಲ್ಲಿ ಆದದ್ದು.

ಬ್ಲೀಚ್ ಜೊತೆ ನಿಂಬೆಹಣ್ಣು, ವಿನೆಗರ್ ಕೂಡ ಬೇಡ, ಅವೂ ಹುಳಿಯೇ. ಅಮೋನಿಯಾ ಇರುವ ಗಾಜು ಒರೆಸುವ ದ್ರವವೂ ಬೇಡ, ಅದರಿಂದ ಬರುವುದು ಕ್ಲೋರಮಿನ್ ಎಂಬ ಇನ್ನೊಂದು ಕೆಟ್ಟ ಅನಿಲ. ಒಂದು ದಿನ ಒಂದೇ ವಸ್ತು, ಕಿಟಕಿ ತೆಗೆದು. ಬೋರ್‌ವೆಲ್ ನೀರಿನ ಬಿಳಿ ಕಲೆ ಸುಣ್ಣದ್ದು, ನಿಂಬೆ ಉಪ್ಪನ್ನು (ಸಿಟ್ರಿಕ್ ಆಸಿಡ್) ಬಿಸಿನೀರಲ್ಲಿ ಕರಗಿಸಿ ರಾತ್ರಿ ಹಾಕಿಟ್ಟು ಬೆಳಿಗ್ಗೆ ಉಜ್ಜಿದರೆ ತುಂಬಾ ಮಟ್ಟಿಗೆ ಬಿಡುತ್ತದೆ. ತಡವಾಗುತ್ತದೆ, ಆಗಲಿ.

ಬೀದಿಯಲ್ಲಿ ಹಳೇ ನೀರಿನ ಬಾಟ್ಲಿಗೆ ತುಂಬಿ ಮಾರುವ ಆಸಿಡ್, ಫಿನಾಯಿಲ್ ಬಗ್ಗೆ ಒಂದು ಮಾತು. ದಯವಿಟ್ಟು ಕೊಳ್ಳಬೇಡಿ. ನಮ್ಮಣ್ಣನ ಮಗ ನಾಲ್ಕು ವರ್ಷದವನಿದ್ದಾಗ ಜ್ಯೂಸ್ ಬಾಟ್ಲಿಯಲ್ಲಿದ್ದ ಫಿನಾಯಿಲ್ ಕುಡಿದಿದ್ದ. ಬದುಕಿದ. ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಕಣ್ಣು ಮುಚ್ಚಲಿಲ್ಲ. ಹಾಗೇನಾದರೂ ಆದರೆ ವಾಂತಿ ಮಾಡಿಸಬೇಡಿ, ಉಪ್ಪುನೀರು ಕುಡಿಸಬೇಡಿ. ಇಳಿಯುವಾಗ ಸುಟ್ಟದ್ದು ಹತ್ತುವಾಗ ಮತ್ತೆ ಸುಡುತ್ತದೆ. ಬಾಯಿ ತೊಳೆದು, 108ಕ್ಕೆ ಫೋನ್ ಮಾಡಿ, ಬಾಟ್ಲಿಯನ್ನೂ ಆಸ್ಪತ್ರೆಗೆ ಒಯ್ಯಿರಿ.

ನನಗೆ 19 ವರ್ಷ. ಒಂದು ಕ್ರೀಮು ಹಚ್ಚಿ ಎರಡೇ ವಾರಕ್ಕೆ ಬೆಳ್ಳಗಾದೆ. ಡಬ್ಬಿ ಮೇಲೆ ಏನೂ ಬರೆದಿಲ್ಲ. ಈಗ ಬಿಟ್ಟರೆ ಮುಖ ಉರಿಯುತ್ತೆ. (ಮದ್ದೂರು)

ಮಗಳೇ, ಎರಡು ವಾರಕ್ಕೆ ಬಣ್ಣ ಬದಲಾಗಿದೆ ಅಂದ್ರೆ ಒಳಗೆ ಪಾದರಸವೋ ಸ್ಟೀರಾಯ್ಡೋ ಇರುವ ಅನುಮಾನ ಬಲವಾಗಿದೆ. ಬಿಟ್ಟ ಕೂಡಲೇ ಉರಿಯುವುದು ಸ್ಟೀರಾಯ್ಡ್‌ನ ಗುಣ. ನೀನೇ ಇನ್ನೊಂದು ಕ್ರೀಮು ಹಚ್ಚಿ ಸರಿಮಾಡಲು ಹೋಗಬೇಡ, ಡಬ್ಬಿ ಹಿಡಿದು ಚರ್ಮದ ಡಾಕ್ಟರ ಹತ್ತಿರ ಹೋಗು. ಮಂಡ್ಯದ ಮಿಮ್ಸ್ ಆಸ್ಪತ್ರೆ ನಿನಗೆ ಹತ್ತಿರ.

ಪಾದರಸ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗದಂತೆ ತಡೆಯುತ್ತದೆ, ಆಮೇಲೆ ರಕ್ತ ಸೇರಿ ಕಿಡ್ನಿಯಲ್ಲಿ ಕೂರುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2023ರಲ್ಲಿ ಕಿಡ್ನಿ ತೊಂದರೆ ಎಂದು ಬಂದ ಹಲವರನ್ನು ವಿಚಾರಿಸಿದಾಗ ಡಾಕ್ಟರುಗಳಿಗೆ ಸಿಕ್ಕಿದ್ದು ಇಂಥದೇ ಕ್ರೀಮುಗಳು. ನಮ್ಮ ದೇಶದ 2020ರ ಸೌಂದರ್ಯವರ್ಧಕ ನಿಯಮದಲ್ಲಿ, ಕಣ್ಣಿನ ಭಾಗಕ್ಕೆ ಹಚ್ಚುವಂಥವು ಬಿಟ್ಟರೆ, ಪಾದರಸ ಬೇಕಂತ ಹಾಕುವ ಹಾಗೇ ಇಲ್ಲ. ತಾನಾಗಿ ಸೇರಿದ್ದರೂ ಹತ್ತು ಲಕ್ಷಕ್ಕೆ ಒಂದು ಪಾಲು ದಾಟಬಾರದು. ಮೂತ್ರದಲ್ಲಿ ನೊರೆ, ಕಾಲಲ್ಲಿ ಊತ ಕಂಡರೆ ಮೂತ್ರ ಪರೀಕ್ಷೆ ಮಾಡಿಸು. ನಿನ್ನ ಟವೆಲ್ಲು, ದಿಂಬಿನ ಚೀಲ ಮನೆಯ ಚಿಕ್ಕ ಮಕ್ಕಳು ಬಳಸದಿರಲಿ. ನಿನ್ನ ಬಣ್ಣದ ಬಗ್ಗೆ ಮಾತಾಡಿ ಈ ಡಬ್ಬಿ ಕೈಗೆ ಬರುವ ಹಾಗೆ ಮಾಡಿದವರ ಮೇಲೆ ನನಗೆ ಸಿಟ್ಟಿದೆ, ನಿನ್ನ ಮೇಲೆ ಇಲ್ಲ.

ವಾಟ್ಸಾಪ್‌ನಲ್ಲಿ ಬಂದ ಪಟ್ಟಿ ನೋಡಿ ಶಾಂಪೂ, ಪೇಸ್ಟು ಎಲ್ಲ ಎಸೆಯೋಣ ಅನಿಸಿದೆ. ಸಲ್ಫೇಟ್, ಪ್ಯಾರಾಬೆನ್ ಅಂತ ಏನೇನೋ ಇದೆ. (ಸರಸ್ವತಿಪುರಂ, ಮೈಸೂರು)

ಎಸೆಯಬೇಡಿ. ಹೆಸರು ಉದ್ದ ಇದ್ದ ಮಾತ್ರಕ್ಕೆ ವಿಷವಲ್ಲ. ನಮ್ಮೂರಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆ 1962ರಿಂದ ಮಾಡುತ್ತಿರುವ ಮತದಾನದ ಶಾಯಿಯಲ್ಲಿ ಸಿಲ್ವರ್ ನೈಟ್ರೇಟ್ ಇದೆ. ಬೆರಳಿಗೆ ಒಂದು ಗೆರೆ ಹಚ್ಚಿದರೆ ಕಲೆ ಅಷ್ಟೇ, ಅದನ್ನೇ ಕುಡಿದರೆ ಅನಾಹುತ. ಎಷ್ಟು, ಎಲ್ಲಿಗೆ, ಎಷ್ಟು ಹೊತ್ತು ಎಂಬುದೇ ಪ್ರಶ್ನೆ. ಶಾಂಪೂವಿನ ಸಲ್ಫೇಟ್ ಒಣ ಚರ್ಮದವರಿಗೆ ಕಡಿತ ತರಬಹುದು, ಕ್ಯಾನ್ಸರ್ ತರುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ನಿಮಗೆ ಸೀಗೆಕಾಯಿ ಒಗ್ಗಿದರೆ ಬಳಸಿ, ಸಂತೋಷ.

ನೀವು ನಿಜವಾಗಿ ನೋಡಬೇಕಾದದ್ದು ಬೇರೆ. ಕಪ್ಪು ಹೇರ್ ಡೈನಲ್ಲಿ ಪಿಪಿಡಿ ಎಂಬ ಬಣ್ಣದ ಕೆಮಿಕಲ್ ಇರುತ್ತದೆ, ಕೆಲವರಿಗೆ ಮುಖ ಊದಿ ಕಣ್ಣೇ ಮುಚ್ಚಿಹೋಗುವಷ್ಟು ಅಲರ್ಜಿ. ಕಿವಿಯ ಹಿಂದೆ ಚೂರು ಹಚ್ಚಿ 48 ಗಂಟೆ ಕಾಯಿರಿ. ಬೇಗ ಕಪ್ಪಾಗುವ 'ಕಪ್ಪು ಮೆಹಂದಿ'ಯಲ್ಲೂ ಹೆಚ್ಚಾಗಿ ಅದೇ. ಪಾರ್ಲರ್‌ನಲ್ಲಿ ಕೂದಲು ನೇರ ಮಾಡಲು ಹಚ್ಚುವ ಕೆಲವು ದ್ರವಗಳು ಬಿಸಿ ಇಸ್ತ್ರಿ ತಾಗಿದಾಗ ಫಾರ್ಮಾಲ್ಡಿಹೈಡ್ ಬಿಡುತ್ತವೆ, ಅದು ಕ್ಯಾನ್ಸರ್ ತರುವುದು ಖಚಿತ ಎಂಬ ಪಟ್ಟಿಯಲ್ಲಿದೆ. ಕಣ್ಣುರಿ ಬಂದರೆ ಎದ್ದು ಬನ್ನಿ.

ನಾಲೆ ಪಕ್ಕದ ಮನೆ, ಸೊಳ್ಳೆ ವಿಪರೀತ. ಬಾಗಿಲು ಹಾಕಿ ರಾತ್ರಿಯಿಡೀ ಕಾಯಿಲ್ ಹಚ್ಚುತ್ತೇವೆ. ಮಗನಿಗೆ ಉಬ್ಬಸ. (ಶ್ರೀರಂಗಪಟ್ಟಣ)

ಇವತ್ತು ರಾತ್ರಿಯಿಂದಲೇ ನಿಲ್ಲಿಸಿ. ಒಂದು ಕಾಯಿಲ್ ಪೂರ್ತಿ ಉರಿದರೆ 75ರಿಂದ 137 ಸಿಗರೇಟಿನಷ್ಟು ಸಣ್ಣ ಹೊಗೆಕಣ ಬರುತ್ತದೆ ಎಂದು 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ಲೆಕ್ಕ ಕೊಟ್ಟಿದೆ. ಅದನ್ನು ಬಾಗಿಲು ಮುಚ್ಚಿದ ಕೋಣೆಯಲ್ಲಿ ಉಬ್ಬಸದ ಮಗು ಉಸಿರಾಡುತ್ತಿದೆ. ಸೊಳ್ಳೆ ಓಡಿಸುವ ಊದುಬತ್ತಿ ಅಂತ ಅಗ್ಗಕ್ಕೆ ಬರುತ್ತವಲ್ಲ, ಪೊಟ್ಟಣದ ಮೇಲೆ ಕೀಟನಾಶಕದ ಹೆಸರು, ನೋಂದಣಿ ಸಂಖ್ಯೆ ಇಲ್ಲದಿದ್ದರೆ ಅದನ್ನು ಮುಟ್ಟಲೇಬೇಡಿ. ಸೊಳ್ಳೆ ಪರದೆ ಕಟ್ಟಿ, ಅಂಚನ್ನು ಹಾಸಿಗೆ ಕೆಳಗೆ ಸಿಕ್ಕಿಸಿ. ಕಿಟಕಿಗೆ ಜಾಲರಿ ಹೊಡೆಸಿ, ಸಂಜೆ ಐದೂವರೆಗೇ ಬಾಗಿಲು ಹಾಕಿ. ನಾಲೆಯನ್ನು ನೀವು ಏನೂ ಮಾಡಲಾರಿರಿ, ಆದರೆ ಹಿತ್ತಲಿನ ಡ್ರಮ್ಮು, ತೆಂಗಿನ ಚಿಪ್ಪು, ಹೂಕುಂಡದ ತಟ್ಟೆಯ ನೀರನ್ನು ವಾರಕ್ಕೊಮ್ಮೆ ಚೆಲ್ಲಬಹುದು. ಮಗನ ಉಬ್ಬಸ ಹದಿನೈದು ದಿನದಲ್ಲಿ ಹೇಗಿದೆ ಅಂತ ನನಗೆ ಮತ್ತೆ ಬರೆಯಿರಿ.