ಸೂರು ಕಳೆದುಕೊಂಡವರಿಗೆ ಟೆಂಟಿನ ನಂತರ ಏನು?

ಪ್ರಶ್ನೆ: ಭೂಕಂಪ, ನೆರೆ, ಯುದ್ಧಗಳಲ್ಲಿ ಮನೆ ಕಳೆದುಕೊಂಡವರಿಗೆ ಮೊದಲು ಟೆಂಟು, ಬಳಿಕ ಶೆಡ್ಡು, ಕೊನೆಗೆ ಮನೆ ಎಂದು ಮೂರು ಬಾರಿ ಹಣ ವ್ಯಯಿಸುವ ಬದಲು ನೇರವಾಗಿ ಪಕ್ಕಾ ಮನೆಯನ್ನೇ ಕಟ್ಟಿಕೊಡಬಾರದೇ?

ಉತ್ತರ: ಸಾವಿರಾರು ಪಕ್ಕಾ ಮನೆಗಳು ಎದ್ದು ನಿಲ್ಲಲು ಎಷ್ಟೇ ಅವಸರ ಮಾಡಿದರೂ ವರ್ಷಗಳು ಹಿಡಿಯುತ್ತವೆ, ಮಳೆ, ಚಳಿ ಅಲ್ಲಿಯವರೆಗೆ ಕಾಯುವುದಿಲ್ಲ. ಹಾಗಾಗಿ ತಾತ್ಕಾಲಿಕ ಸೂರು ಬೇಕೇ ಬೇಕು. ಆದರೆ ಅದಕ್ಕೆ ಹಾಕಿದ ಹಣ ಪೋಲಾಗಲೇಬೇಕೆಂದಿಲ್ಲ. 2005ರ ಅಕ್ಟೋಬರ್ 8ರಂದು ಪಾಕಿಸ್ತಾನದ ಉತ್ತರದ ಬೆಟ್ಟಸೀಮೆಯಲ್ಲಿ ಭೂಕಂಪವಾದಾಗ ಚಳಿಗಾಲ ಹೊಸ್ತಿಲಲ್ಲೇ ಇತ್ತು. ಅಲ್ಲಿ ಟೆಂಟುಗಳ ಜೊತೆಗೆ ತಗಡಿನ ಶೀಟುಗಳನ್ನೂ ಹಂಚಿದರು. ಜನರು ಕುಸಿದ ಮನೆಗಳ ಅವಶೇಷದಿಂದ ತೊಲೆ, ಜಂತೆಗಳನ್ನು ಎಳೆದು ತೆಗೆದು, ಅವುಗಳ ಮೇಲೆ ಶೀಟು ಹೊದಿಸಿ, ಸ್ವಂತ ಜಾಗದಲ್ಲೇ ಹಿಮದ ದಿನಗಳನ್ನು ಕಳೆದರು. ಟೆಂಟಿನ ಬಟ್ಟೆ ಬಿಸಿಲು ಮಳೆಗೆ ಬೇಗ ಜೀರ್ಣವಾಗುತ್ತದೆ. ತಗಡನ್ನಾದರೋ ಬಿಚ್ಚಿ ಹೊಸ ಮನೆಯ ಮಾಡಿಗೆ ಬಳಸಬಹುದು. ಮೊದಲ ವಾರ ಕೊಡುವ ಸಾಮಗ್ರಿಯನ್ನು ಆರಿಸುವಾಗಲೇ ಮೂರನೆಯ ವರ್ಷದ ಮನೆಯನ್ನು ನೆನೆಯಬೇಕೆಂಬುದು ನನ್ನ ಬಲವಾದ ಅಭಿಪ್ರಾಯ.

ಸೂರು ತಾತ್ಕಾಲಿಕವೆಂದು ಇಕ್ಕಟ್ಟಾಗಿರಬಾರದು. ಪರಿಹಾರ ಸಂಸ್ಥೆಗಳು ಅನುಸರಿಸುವ ಸ್ಫಿಯರ್ ಮಾನದಂಡದ ಪ್ರಕಾರ, ಅಡುಗೆ ಮತ್ತು ಸ್ನಾನದ ಜಾಗ ಬಿಟ್ಟು, ಒಬ್ಬರಿಗೆ ಕನಿಷ್ಠ 3.5 ಚದರ ಮೀಟರ್ ಇರಬೇಕು. ಐವರ ಕುಟುಂಬಕ್ಕೆ ಇದು 17.5 ಚದರ ಮೀಟರ್ ಆಗುತ್ತದೆ. ಬಾಣಂತಿ, ಹಾಸಿಗೆ ಹಿಡಿದ ಹಿರಿಯರು, ಓದುವ ಮಕ್ಕಳು ಎಲ್ಲರೂ ಅಷ್ಟರಲ್ಲೇ ಬದುಕಬೇಕೆಂಬುದನ್ನು ನೆನೆದರೆ, ಅದಕ್ಕಿಂತ ಕಡಿಮೆ ಕೊಡಲು ಯಾರಿಗೂ ಮನಸ್ಸು ಬರಬಾರದು.

ಪ್ರಶ್ನೆ: ಮನೆಗಳನ್ನು ಗುತ್ತಿಗೆದಾರರಿಂದ ಕಟ್ಟಿಸುವುದು ಮೇಲೋ, ಸಂತ್ರಸ್ತರ ಕೈಗೇ ಹಣ ಕೊಡುವುದು ಮೇಲೋ?

ಉತ್ತರ: ಬಹುತೇಕ ಸಂದರ್ಭಗಳಲ್ಲಿ ಎರಡನೆಯದೇ ಮೇಲು. 2001ರ ಜನವರಿ 26ರ ಭೂಕಂಪದ ನಂತರ ಗುಜರಾತಿನಲ್ಲಿ ಹೆಚ್ಚಿನ ಕುಟುಂಬಗಳಿಗೆ ಹಣವನ್ನು ಕಂತುಗಳಲ್ಲಿ ಕೊಟ್ಟರು. ಒಂದು ಹಂತದ ಕೆಲಸವನ್ನು ಎಂಜಿನಿಯರ್ ಪರಿಶೀಲಿಸಿದ ಮೇಲೆಯೇ ಮುಂದಿನ ಕಂತು ಸಿಗುತ್ತಿತ್ತು, ಮೇಸ್ತ್ರಿಗಳಿಗೆ ಭೂಕಂಪ ತಾಳುವ ಕಟ್ಟಡದ ತರಬೇತಿಯೂ ಇತ್ತು. ಮನೆಯವರೇ ನಿಂತು ಕಟ್ಟಿಸುವಾಗ ದನಗಳ ಕೊಟ್ಟಿಗೆ ಎಲ್ಲಿರಬೇಕು, ಬಾಗಿಲು ಯಾವ ಕಡೆಗಿರಬೇಕು ಎಂಬುದನ್ನು ಅವರೇ ತೀರ್ಮಾನಿಸುತ್ತಾರೆ. ದೂರದ ಕಚೇರಿಯಲ್ಲಿ ನಕ್ಷೆ ಬರೆದವರಿಗೆ ಇದು ಹೊಳೆಯುವುದು ಕಷ್ಟ. ಆದರೆ ಒಂಟಿ ವೃದ್ಧರು, ಪುಟ್ಟ ಮಕ್ಕಳ ವಿಧವೆಯರು, ಅಂಗವಿಕಲರು ಇಟ್ಟಿಗೆ ಸಿಮೆಂಟಿನ ಹಿಂದೆ ಅಲೆಯಲಾರರು. ಅವರಿಗೆ ಹಣದ ಜೊತೆಗೆ ಕಟ್ಟಿಕೊಡುವ ಕೈಗಳನ್ನೂ ಒದಗಿಸದಿದ್ದರೆ ಈ ವಿಧಾನ ಅನ್ಯಾಯವಾಗುತ್ತದೆ.

ಪ್ರಶ್ನೆ: ಜಮೀನಿನ ಕಾಗದಪತ್ರವೇ ಇಲ್ಲದವರ ಗತಿ ಏನು?

ಉತ್ತರ: ಪುನರ್ವಸತಿ ಹೆಚ್ಚಾಗಿ ಮುಗ್ಗರಿಸುವುದು ಇಲ್ಲಿಯೇ. 2010ರ ಭೂಕಂಪದ ಬಳಿಕ ಹೈಟಿಯಲ್ಲಿ ಯಾವ ನಿವೇಶನ ಯಾರದೆಂಬುದೇ ಸ್ಪಷ್ಟವಿಲ್ಲದೆ ಕಟ್ಟುವ ಕೆಲಸ ನಿಧಾನವಾಯಿತು. ಶಿಬಿರಗಳಲ್ಲಿದ್ದ ಅನೇಕರು ಮೊದಲೂ ಬಾಡಿಗೆದಾರರೇ ಆಗಿದ್ದರು. ಮನೆ ಕಟ್ಟುವ ಯೋಜನೆಯಲ್ಲಿ ಅವರಿಗೆ ಜಾಗವಿರಲಿಲ್ಲ. ಕೊನೆಗೆ ಒಂದು ವರ್ಷದ ಬಾಡಿಗೆಗೆ ನೆರವು ಕೊಟ್ಟು ಅವರನ್ನು ಶಿಬಿರದಿಂದ ಹೊರತರುವ ದಾರಿ ಹುಡುಕಬೇಕಾಯಿತು. 2004ರ ಸುನಾಮಿಯ ನಂತರ ಶ್ರೀಲಂಕಾ ಸರ್ಕಾರ ದಕ್ಷಿಣ ಮತ್ತು ಪಶ್ಚಿಮ ಕರಾವಳಿಯಲ್ಲಿ ಸಮುದ್ರದಿಂದ 100 ಮೀಟರ್, ಉತ್ತರ ಮತ್ತು ಪೂರ್ವದಲ್ಲಿ 200 ಮೀಟರ್ ಒಳಗೆ ಮನೆ ಕಟ್ಟಬಾರದೆಂದಿತು. ದೋಣಿ, ಬಲೆಗಳನ್ನು ಕಣ್ಣಳತೆಯಲ್ಲಿ ಇಟ್ಟುಕೊಳ್ಳಬೇಕಾದ ಮೀನುಗಾರರಿಗೆ ಇದು ಜೀವನೋಪಾಯದ ಪ್ರಶ್ನೆಯಾಗಿ, ಆ ನಿಯಮವನ್ನು ಆಮೇಲೆ ಸಡಿಲಿಸಬೇಕಾಯಿತು.

ಆಂತರಿಕ ಸ್ಥಳಾಂತರ, ಅಂದರೆ ಸ್ವಂತ ದೇಶದೊಳಗೇ ನೆಲೆ ತಪ್ಪುವುದರ ಕುರಿತ ವಿಶ್ವಸಂಸ್ಥೆಯ 1998ರ ಮಾರ್ಗದರ್ಶಿ ತತ್ತ್ವಗಳು, ಹಿಂದಿರುಗುವುದೋ ಬೇರೆಡೆ ನೆಲೆಸುವುದೋ ಎಂಬ ಆಯ್ಕೆ ಸ್ವಇಚ್ಛೆಯಿಂದ ನಡೆಯಬೇಕೆಂದೂ ಯೋಜನೆಯಲ್ಲಿ ಸಂತ್ರಸ್ತರೇ ಪೂರ್ತಿಯಾಗಿ ಪಾಲ್ಗೊಳ್ಳಬೇಕೆಂದೂ ಹೇಳುತ್ತವೆ. ಕಾಗದವಿಲ್ಲದವರ ವಿಷಯದಲ್ಲಿ ಇದರರ್ಥ, ನೆರೆಹೊರೆಯವರ ಸಾಕ್ಷ್ಯವನ್ನು ಒಪ್ಪಿ, ಅನುಭೋಗವನ್ನು, ಅಂದರೆ ಯಾವ ಜಾಗದಲ್ಲಿ ಯಾರು ವಾಸವಿದ್ದರೆಂಬುದನ್ನು, ಸ್ಥಳದಲ್ಲೇ ದಾಖಲಿಸಿ, ಹಕ್ಕುಪತ್ರವನ್ನು ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಕೊಡುವುದು. ಈ ಕೆಲಸವನ್ನು ಟೆಂಟು ಹಂಚುವ ದಿನಗಳಲ್ಲೇ ಆರಂಭಿಸಬೇಕು. ತಡವಾದಷ್ಟೂ ಸಾಕ್ಷಿ ಹೇಳಬೇಕಾದ ನೆರೆಹೊರೆಯವರು ಚದುರಿಹೋಗುತ್ತಾರೆ.