ನಿಮ್ಮ ಮಾವನ ಎರಡು ಬಿಲ್ಲು

ನಮಸ್ಕಾರ,

ನೀವು ಕಳಿಸಿದ 'ಚುನಾವಣೆ ಖರ್ಚಿಗೆ ಕಡಿವಾಣ ಹಾಕಿ' ಲೇಖನ ಎರಡು ಸಲ ಓದ್ದೆ. ಈಗಿರೋ ಹಾಗೆ ಹಾಕಕ್ಕಾಗಲ್ಲ. ಬರೆಯೋಕೆ ಬರಲ್ಲ ಅಂತಲ್ಲ, ಕೈಯಲ್ಲಿರೋ ಒಳ್ಳೇ ಸರಕು ಬಿಟ್ಟು ಭಾಷಣ ಬರೆದಿದೀರ.

ಇಡೀ ಲೇಖನ 'ಮಿತಿ ಹಾಕಬೇಕು, ಮಿತಿ ಹಾಕಬೇಕು' ಅಂತಲೇ ಹೋಗುತ್ತೆ, ಮಿತಿ ಆಗ್ಲೇ ಇದೆಯಲ್ರೀ. ನಮ್ಮಲ್ಲಿ ಅಸೆಂಬ್ಲಿಗೆ ನಿಂತೋರು 40 ಲಕ್ಷ, ಲೋಕಸಭೆಗೆ ನಿಂತೋರು 95 ಲಕ್ಷ ದಾಟಂಗಿಲ್ಲ, 2022ರಿಂದ ಇದೇ ಲೆಕ್ಕ. ಆದ್ರೆ ಅದು ಕ್ಯಾಂಡಿಡೇಟಿಗೆ ಮಾತ್ರ, ಪಾರ್ಟಿ ತನ್ನ ಹೆಸರಲ್ಲಿ ಮಾಡೋ ಪ್ರಚಾರಕ್ಕೆ ಮಿತಿನೇ ಇಲ್ಲ. 1974ರಲ್ಲಿ ಕನ್ವರ್ ಲಾಲ್ ಗುಪ್ತಾ ಕೇಸಲ್ಲಿ ಸುಪ್ರೀಂ ಕೋರ್ಟು, ಕ್ಯಾಂಡಿಡೇಟಿಗೋಸ್ಕರ ಪಾರ್ಟಿ ಮಾಡಿದ ಖರ್ಚೂ ಅವನ ಲೆಕ್ಕಕ್ಕೇ ಬರುತ್ತೆ ಅಂತು, ಸರ್ಕಾರ ಅದೇ ವರ್ಷ ಕಾನೂನು ತಿದ್ದಿ ಆ ತೀರ್ಪನ್ನ ಮೂಲೆಗೆ ತಳ್ಳಿಬಿಡ್ತು. 2003ರಲ್ಲಿ ಒಂಚೂರು ಬಿಗಿ ಮಾಡಿದ್ರು, ಆದ್ರೂ ಪಾರ್ಟಿಯ ಸಾಮಾನ್ಯ ಪ್ರಚಾರ ಲೆಕ್ಕದಿಂದ ಹೊರಗೇ ಉಳೀತು. ಇದನ್ನ ಬಿಟ್ಟು ಮಿತಿ ಬಗ್ಗೆ ಬರೆಯೋದಂದ್ರೆ ಬೇಲಿ ಹಾಕಿ ಗೇಟು ಮರೆತ ಹಾಗೆ.

ಹೆಸರು ಹೇಳದೆ ಪಾರ್ಟಿಗೆ ದುಡ್ಡು ಕೊಡೋಕಿದ್ದ ಚುನಾವಣಾ ಬಾಂಡನ್ನ ಸುಪ್ರೀಂ ಕೋರ್ಟು 2024ರ ಫೆಬ್ರವರಿಯಲ್ಲಿ ರದ್ದು ಮಾಡ್ತಲ್ಲ, ಆ ತೀರ್ಪಿಂದ ಖರ್ಚಿಗೆ ಬ್ರೇಕ್ ಬಿತ್ತು ಅಂದಿದೀರ, ಅದು ತಪ್ಪು. ಆ ಕೇಸು ದುಡ್ಡು ಯಾರು ಕೊಟ್ರು ಅನ್ನೋದ್ರದ್ದು, ಎಷ್ಟು ಸುರೀಬಹುದು ಅನ್ನೋದ್ರದ್ದಲ್ಲ.

'ಮಿತಿ ಇದ್ರೆ ಬಡವರೂ ಗೆಲ್ತಾರೆ' ಅಂತ ಒಂದು ಸಾಲಲ್ಲಿ ಮುಗಿಸಿದೀರಲ್ಲ, ದಿನಗೂಲಿಯವರಿಗೆ 40 ಲಕ್ಷ ಅಂದ್ರೆ ಅದೂ ಆಕಾಶವೇ. ಮಿತಿ ತೀರಾ ಇಳಿಸಿದ್ರೂ ಲಾಭ ಹಾಲಿ ಎಮ್ಮೆಲ್ಲೆಗೇ, ಅವರ ಮುಖ ಎಲ್ರಿಗೂ ಗೊತ್ತು, ಹೊಸಬರು ಪಾಂಪ್ಲೆಟ್ಟಿಗೂ ದುಡ್ಡು ಹಾಕಬೇಕು. ಇದಕ್ಕೆ ನಿಮ್ಮ ಉತ್ತರ ಏನು? ಒಪ್ಪಿ, ಜಗಳ ಆಡಿ, ಏನಾದ್ರೂ ಹೇಳಿ.

ಈಗ ಒಳ್ಳೇದು. ಆರನೇ ಪ್ಯಾರಾದಲ್ಲಿ ನಿಮ್ಮ ಮಾವನ ಶಾಮಿಯಾನ ಅಂಗಡಿ ಬರುತ್ತೆ. ಎಲೆಕ್ಷನ್ ಟೈಮಲ್ಲಿ ಅವರು ಎರಡು ಬಿಲ್ಲು ಬರೀತಾರೆ, ಲೆಕ್ಕ ತೋರ್ಸಕ್ಕೆ 100 ಕುರ್ಚಿ, ಕೈಗೆ ದುಡ್ಡು ಬರೋದು ಸಾವಿರ ಕುರ್ಚಿದು. ಅಯ್ಯೋ, ಇದನ್ನ ಎರಡೇ ಸಾಲಲ್ಲಿ ಬಿಟ್ರಲ್ಲ! ಟೀಗಿಷ್ಟು ಕುರ್ಚಿಗಿಷ್ಟು ಅಂತ ಜಿಲ್ಲೆಗೊಂದು ರೇಟ್ ಲಿಸ್ಟ್ ಇರುತ್ತೆ, ರಿಸಲ್ಟ್ ಬಂದು 30 ದಿನದೊಳಗೆ ಖರ್ಚಿನ ಲೆಕ್ಕ ಒಪ್ಪಿಸಬೇಕು, ಇಷ್ಟೆಲ್ಲ ಇದ್ದೂ ಆ 900 ಕುರ್ಚಿ ಹೆಂಗೆ ಮಾಯ ಆಗುತ್ತೆ, ಚೆಕ್ ಮಾಡೋಕೆ ಬಂದೋರು ಏನು ಕೇಳ್ತಾರೆ, ಬಿಲ್ಲು ಬರೆಯುವಾಗ ಮಾವನಿಗೆ ಹೆದರಿಕೆ ಆಗಲ್ವಾ, ಹೋಗಿ ಕೂತು ಕೇಳ್ಕೊಂಡು ಬನ್ನಿ.

ಹೆಸರು, ಊರು ಹಾಕಬೇಡಿ, ಅವರು ವ್ಯಾಪಾರ ಮಾಡ್ಕೊಂಡಿರೋರು. ಅಂಗಡಿಯಿಂದಲೇ ಶುರು ಮಾಡಿ, 800 ಪದ ಸಾಕು. 'ಪ್ರಜಾಪ್ರಭುತ್ವದ ಕಗ್ಗೊಲೆ' ಅಂತ ಮೂರು ಕಡೆ ಇದೆ, ಮೂರೂ ತೆಗೀರಿ.