ಮಾತು ಕಡಿಮೆಯಾದರೆ ಕೆಲಸ ಸಿಗದೆ?

ಪ್ರಶ್ನೆ: 2023ರಲ್ಲಿ ಬಿ.ಕಾಂ. ಪದವಿಯನ್ನು ಪ್ರಥಮ ದರ್ಜೆಯಲ್ಲಿ ಮುಗಿಸಿದೆ. ಮೈಸೂರಿನಲ್ಲಿ ಎರಡು, ಬೆಂಗಳೂರಿನಲ್ಲಿ ಒಂದು ಸಂದರ್ಶನಕ್ಕೆ ಹೋಗಿಬಂದೆ. 'ನಿಮ್ಮ ಬಗ್ಗೆ ಹೇಳಿ' ಎಂದೊಡನೆ ಬಾಯಿ ಒಣಗುತ್ತದೆ, ಕೈಯಲ್ಲಿರುವ ಫೈಲನ್ನೇ ನೋಡುತ್ತ ಕುಳಿತುಬಿಡುತ್ತೇನೆ. ನನಗಿಂತ ಕಡಿಮೆ ಅಂಕ ಪಡೆದ, ಮಾತಿನಲ್ಲಿ ಚುರುಕಾದ ಗೆಳತಿಗೆ ಕೆಲಸ ಸಿಕ್ಕಿದೆ. ಐದು ತಿಂಗಳಿಂದ ಎಲ್ಲಿಗೂ ಅರ್ಜಿ ಹಾಕಿಲ್ಲ. ನಮ್ಮ ಆಲೆಮನೆಯ ಲೆಕ್ಕ ಬರೆದುಕೊಂಡಿದ್ದೇನೆ. ನನ್ನ ಸ್ವಭಾವವೇ ನನಗೆ ಅಡ್ಡಿಯೆ?
– ಓದುಗಿ, ಮದ್ದೂರು ತಾಲ್ಲೂಕು

ಉತ್ತರ: ಬಾಯಿ ಒಣಗಿದ್ದಕ್ಕಿಂತ, ಐದು ತಿಂಗಳು ಅರ್ಜಿ ಹಾಕದೆ ಕುಳಿತಿರುವುದೇ ನನಗೆ ಹೆಚ್ಚು ಚಿಂತೆಯ ವಿಷಯವಾಗಿ ಕಾಣುತ್ತಿದೆ.

ಸ್ವಭಾವಕ್ಕೂ ಕೆಲಸ ಹುಡುಕುವುದಕ್ಕೂ ನಂಟಿಲ್ಲವೆಂದು ಹೇಳಲಾರೆ. ಅಮೆರಿಕದ ಮನೋವಿಜ್ಞಾನಿ ರೂತ್ ಕ್ಯಾನ್ಫರ್ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2001ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಜನರೊಡನೆ ಸುಲಭವಾಗಿ ಬೆರೆಯುವವರೂ, ಹಿಡಿದ ಕೆಲಸವನ್ನು ಶಿಸ್ತಿನಿಂದ ಮುಗಿಸುವವರೂ ಕೆಲಸ ಹುಡುಕಲು ಹೆಚ್ಚು ಶ್ರಮ ಹಾಕುತ್ತಾರೆ. ಹಾಗೆ ಹುಡುಕಿದವರಿಗೆ ಕೆಲಸ ಸಿಗುವ ಸಂಭವವೂ ಹೆಚ್ಚು. ಮೊದಲನೆಯ ಗುಣ ನಿಮ್ಮ ಗೆಳತಿಯದು. ಎರಡನೆಯದು ಆಲೆಮನೆಯ ಲೆಕ್ಕವನ್ನು ತಪ್ಪದೆ ಬರೆಯುವವರಲ್ಲಿ ಇಲ್ಲದಿರುತ್ತದೆಯೆ? ಕೆಲಸಗಳು ಎಷ್ಟು ಖಾಲಿಯಿವೆ ಎಂಬುದಂತೂ ಯಾರ ಸ್ವಭಾವವನ್ನೂ ಕೇಳಿ ನಿರ್ಧಾರವಾಗುವುದಿಲ್ಲವಾದ್ದರಿಂದ, ಮೂರು ಸಂದರ್ಶನಗಳ ಫಲವನ್ನು ನಿಮ್ಮ ಮೇಲಿನ ತೀರ್ಪೆಂದು ತಿಳಿಯಬೇಡಿ.

ಇನ್ನು ಆತ್ಮವಿಶ್ವಾಸ. 'ಈ ಕೆಲಸ ನನ್ನಿಂದ ಆಗುತ್ತದೆ' ಎಂಬ ನಂಬಿಕೆ ಹೇಗೆ ಹುಟ್ಟುತ್ತದೆಂದು 1977ರಲ್ಲಿ ವಿವರಿಸಿದ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ, ಅದರ ಮೂಲಗಳಲ್ಲಿ ಸ್ವತಃ ಮಾಡಿ ಗೆದ್ದ ಅನುಭವಕ್ಕೆ ಎಲ್ಲಕ್ಕಿಂತ ಹೆಚ್ಚಿನ ಬಲವಿದೆ ಎಂದರು. ಪಕ್ಕದವರ ಹುರಿದುಂಬಿಕೆಗೆ ಅಷ್ಟು ಬಲವಿಲ್ಲ. ಮನೆಯವರು 'ಧೈರ್ಯವಾಗಿರಮ್ಮ' ಎಂದು ಎಷ್ಟು ಹೇಳಿದರೂ ಸಂದರ್ಶನದ ಕೋಣೆಯಲ್ಲಿ ಅದು ಉಳಿಯದಿರುವುದು ಇದಕ್ಕೇ. (ವ್ಯಕ್ತಿತ್ವ ವಿಕಸನದ ತರಗತಿಗಳಿಗೆ ಸಾವಿರಾರು ರೂಪಾಯಿ ಕಟ್ಟುವ ಮುನ್ನ ಇದನ್ನು ನೆನೆಯುವುದು ಒಳ್ಳೆಯದು.)

ಆದುದರಿಂದ 'ನಿಮ್ಮ ಬಗ್ಗೆ ಹೇಳಿ' ಎಂದಾಗ ಬಾಯಿಪಾಠದ ಇಂಗ್ಲಿಷ್ ವಾಕ್ಯಗಳನ್ನು ಬಿಟ್ಟು ಆಲೆಮನೆಯನ್ನೇ ಹೇಳಿ. ದಿನವೂ ಬರುವ ಕಬ್ಬಿನ ತೂಕ, ಕೆಲಸಗಾರರಿಗೆ ಕೊಟ್ಟ ಮುಂಗಡ, ವಾರದ ಬಟವಾಡೆ, ಮಂಡಿಗೆ ಹೋದ ಬೆಲ್ಲದ ಬಾಕಿ, ಒಮ್ಮೆ ಲೆಕ್ಕ ತಾಳೆಯಾಗದಿದ್ದಾಗ ತಪ್ಪನ್ನು ಹೇಗೆ ಹುಡುಕಿದಿರಿ ಎಂಬುದು, ಇವಿಷ್ಟು ಎರಡು ನಿಮಿಷದ ಮಾತು. ನೋಟ್‌ಬುಕ್ಕಿನ ಒಂದು ತಿಂಗಳ ಲೆಕ್ಕವನ್ನು ಎಕ್ಸೆಲ್‌ಗೆ ಇಳಿಸಿ, ಅಚ್ಚು ಹಾಕಿಸಿ ಫೈಲಿನಲ್ಲಿಡಿ. ಆಗ ಫೈಲನ್ನು ನೋಡುತ್ತ ಕುಳಿತರೂ ಹೇಳಲು ಏನಾದರೂ ಸಿಗುತ್ತದೆ. ಟ್ಯಾಲಿ, ಜಿಎಸ್‌ಟಿ ಲೆಕ್ಕ ಬಾರದಿದ್ದರೆ ಕಲಿಯಿರಿ. ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕೈಗಾರಿಕಾ ಪ್ರದೇಶದ ಸಣ್ಣ ಘಟಕಗಳಲ್ಲೂ ವಿಚಾರಿಸಿ.

ವಾರಕ್ಕೆ ಎರಡು ಅರ್ಜಿ ಸಾಕು. ಸಂದರ್ಶನದಿಂದ ಹಿಂದಿರುಗುವ ಬಸ್ಸಿನಲ್ಲಿಯೇ ಅಲ್ಲಿ ಕೇಳಿದ ಪ್ರಶ್ನೆಗಳನ್ನು ಗುರುತು ಹಾಕಿಕೊಳ್ಳಿ, ಫಲಿತಾಂಶಕ್ಕೆ ಕಾಯದೆ ಮುಂದಿನ ಅರ್ಜಿ ಕಳುಹಿಸಿ.